ನೂರರಲ್ಲಿ ಎಷ್ಟು? — ಶಸ್ತ್ರಚಿಕಿತ್ಸೆಯ ಅಪಾಯಾಂಕವನ್ನು ಓದುವ ಬಗೆ

(ಶತಮಾನೋತ್ಸವದ ಅಂಗವಾಗಿ ಶಾಲಾ ಸಭಾಂಗಣದಲ್ಲಿ ನಡೆದ ಆರೋಗ್ಯ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ, ಶಸ್ತ್ರಚಿಕಿತ್ಸೆಯ ಅನಂತರ ರೋಗಿ ಬದುಕಿ ಉಳಿಯುವ ಸಾಧ್ಯತೆಯನ್ನು ಎಣಿಸುವ ವಿದ್ಯೆಯ ಕುರಿತು ಮಾತನಾಡುವುದು ಉಚಿತವೇ ಎಂದು ಕೆಲವರಿಗೆ ಅನ್ನಿಸಬಹುದು. ಹಬ್ಬದ ಮನೆಯಲ್ಲಿ ಸಾವುನೋವಿನ ಲೆಕ್ಕವೇಕೆ ಎಂದು ಹಿರಿಯರು ಕೇಳಿದರೆ ಆ ಪ್ರಶ್ನೆ ಸಹಜವೇ. ಆದರೆ ಈ ಗೋಷ್ಠಿಯಲ್ಲಿ ರೋಗದ ಬಗ್ಗೆಯೂ ಚಿಕಿತ್ಸೆಯ ಬಗ್ಗೆಯೂ ಮಾತನಾಡಲು ವೈದ್ಯರಿದ್ದಾರೆ. ಅದು ಅವರ ಕ್ಷೇತ್ರ. ಅವರು ರೋಗಿಯ ಮನೆಯವರ ಮುಂದಿಡುವ ಒಂದು ಸಂಖ್ಯೆಯಿದೆಯಲ್ಲ, ಅದನ್ನು ಸರಿಯಾಗಿ ಓದಲು ಕಲಿಸುವುದು ಮಾತ್ರ ಶಾಲೆಯ ಕೆಲಸ. ಆ ಕೆಲಸದ ಬಗ್ಗೆಯಷ್ಟೇ ನಾವು ಇಂದು ಮಾತನಾಡುತ್ತೇವೆ.

ಕಾಸರಗೋಡಿನ ಕನ್ನಡಿಗರಾದ ನಮಗೆ ದೊಡ್ಡ ಶಸ್ತ್ರಚಿಕಿತ್ಸೆಯೆಂದರೆ ಬಹುಮಟ್ಟಿಗೆ ತಲಪಾಡಿಯನ್ನು ದಾಟಿ ಮಂಗಳೂರಿಗೆ ಹೋಗುವ ಪ್ರಯಾಣ. ಅಲ್ಲಿ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ವೈದ್ಯರು ಮನೆಯವರನ್ನು ಕರೆದು, ‘ನೂರರಲ್ಲಿ ಇಷ್ಟು ಅಪಾಯವಿದೆ, ಯೋಚಿಸಿ ಸಮ್ಮತಿಪತ್ರಕ್ಕೆ ಸಹಿ ಹಾಕಿ’ ಎನ್ನುತ್ತಾರೆ. ಆ ಕ್ಷಣದಲ್ಲಿ ಮನೆಯ ಹಿರಿಯರೆಲ್ಲ ಒಬ್ಬರ ಮುಖವನ್ನೇ ನೋಡುತ್ತಾರೆ; ಮನೆಯಲ್ಲಿ ಹೆಚ್ಚು ಓದಿದ ಹುಡುಗನದೋ ಹುಡುಗಿಯದೋ ಮುಖವನ್ನು. ಆ ಹುಡುಗ ಅಥವಾ ಹುಡುಗಿ ನಮ್ಮಂತಹ ಶಾಲೆಯ ಬೆಂಚಿನಲ್ಲಿ ಕುಳಿತು ಶೇಕಡಾ ಲೆಕ್ಕ ಕಲಿತವರು. ‘ನೂರರಲ್ಲಿ ಎಂಟು’ ಎಂಬ ಮಾತಿನ ಅರ್ಥವನ್ನು ಅಜ್ಜನಿಗೆ, ಅಮ್ಮನಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಹೊಣೆ ಅವರ ಹೆಗಲ ಮೇಲೆ ಬೀಳುತ್ತದೆ. ಅವರಿಗೆ ಆ ಶಕ್ತಿಯನ್ನು ನಾವು ಕೊಟ್ಟಿದ್ದೇವೆಯೇ ಎಂಬುದು ಶತಮಾನದ ಸಂದರ್ಭದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಅಪಾಯವನ್ನು ಮೊದಲೇ ಯೋಚಿಸುವ ಅಭ್ಯಾಸ ನಮ್ಮ ಪರಂಪರೆಗೆ ಹೊಸದಲ್ಲ. ಹಾವಿನಿಂದ ಮರಿಗಳನ್ನು ಉಳಿಸಿಕೊಳ್ಳಲು ಮುಂಗುಸಿಯನ್ನು ಕರೆತಂದ ಕೊಕ್ಕರೆಯ ಕಥೆಯನ್ನು ಪಂಚತಂತ್ರದಲ್ಲಿ ಓದಿದವರಿಗೆ, ಉಪಾಯವನ್ನು ಹುಡುಕುವವನು ಅದರ ಅಪಾಯವನ್ನೂ ಎಣಿಸಬೇಕೆಂಬ ನೀತಿ ತಿಳಿದೇ ಇದೆ. ಶಸ್ತ್ರಚಿಕಿತ್ಸೆ ಒಂದು ಉಪಾಯ. ಅದರ ಅಪಾಯವನ್ನು ‘ಹೆಚ್ಚು’, ‘ಕಡಿಮೆ’ ಎಂಬ ಮಾತುಗಳಲ್ಲಿ ಹೇಳುತ್ತಿದ್ದ ಕಾಲದಿಂದ ಅಂಕಿಗಳಲ್ಲಿ ಹೇಳುವ ಕಾಲಕ್ಕೆ ವೈದ್ಯಶಾಸ್ತ್ರ ಬಂದುದು ಕಳೆದ ನೂರು ವರ್ಷಗಳಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಶಾಲೆಯ ಆಯುಷ್ಯದೊಳಗೆ.

1941ರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಮೇಯರ್ ಸ್ಯಾಕ್ಲಾಡ್ ಅವರು, ಶಸ್ತ್ರಚಿಕಿತ್ಸೆಗೆ ಬರುವ ರೋಗಿಯ ದೈಹಿಕ ಸ್ಥಿತಿಯನ್ನು ದರ್ಜೆಗಳಾಗಿ ವಿಂಗಡಿಸುವ ಕ್ರಮವೊಂದನ್ನು ಪ್ರಕಟಿಸಿದರು. ಪರಿಷ್ಕಾರಗಳೊಂದಿಗೆ ಅದು ಇಂದಿಗೂ ‘ಎ.ಎಸ್.ಎ. ದರ್ಜೆ’ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಆರೋಗ್ಯವಂತನಾದವನು ಮೊದಲನೆಯ ದರ್ಜೆ. ಸೌಮ್ಯವಾದ ಕಾಯಿಲೆಯುಳ್ಳವನು ಎರಡನೆಯದು. ತೀವ್ರ ಕಾಯಿಲೆಯವನು ಮೂರನೆಯದು. ಪ್ರಾಣಕ್ಕೆ ಸದಾ ಕುತ್ತಾಗಿರುವ ಕಾಯಿಲೆಯುಳ್ಳವನು ನಾಲ್ಕನೆಯದು. ಶಸ್ತ್ರಚಿಕಿತ್ಸೆಯಿಲ್ಲದೆ ಬದುಕಲಾರನೆಂಬ ಸ್ಥಿತಿಯವನು ಐದನೆಯದು. ಈ ಕ್ರಮವನ್ನು ರೂಪಿಸಿದವರ ಮೂಲ ಉದ್ದೇಶ ಭವಿಷ್ಯ ಹೇಳುವುದಾಗಿರಲಿಲ್ಲ. ಬೇರೆ ಬೇರೆ ಆಸ್ಪತ್ರೆಗಳ ವೈದ್ಯರು ತಮ್ಮ ರೋಗಿಗಳ ಬಗ್ಗೆ ಒಂದೇ ಭಾಷೆಯಲ್ಲಿ ಮಾತನಾಡಲಿ ಎಂಬುದಷ್ಟೇ ಅವರ ಅಪೇಕ್ಷೆಯಾಗಿತ್ತು.

1953ರಲ್ಲಿ ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್‌ಗಾರ್ ಅವರು ನವಜಾತ ಶಿಶುಗಳಿಗೆ ಅಂಕ ಕೊಡುವ ಪದ್ಧತಿಯನ್ನು ಪ್ರಕಟಿಸಿದರು. ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರಚೋದನೆಗೆ ತೋರುವ ಪ್ರತಿಕ್ರಿಯೆ, ಮೈಬಣ್ಣ — ಈ ಐದಕ್ಕೆ ತಲಾ ಸೊನ್ನೆ, ಒಂದು ಅಥವಾ ಎರಡು, ಒಟ್ಟು ಹತ್ತು. ಇಲ್ಲಿರುವ ತಾಯಂದಿರಲ್ಲಿ ಅನೇಕರ ಮಕ್ಕಳು ಹುಟ್ಟಿದ ಒಂದು ನಿಮಿಷದಲ್ಲಿ ಈ ಪರೀಕ್ಷೆಯನ್ನು ಎದುರಿಸಿಯೇ ಲೋಕಕ್ಕೆ ಬಂದಿದ್ದಾರೆ. ಅಧ್ಯಾಪಕರಾದ ನಾವು ಈ ಅಂಕದಿಂದ ಕಲಿಯಬೇಕಾದ ಪಾಠವೊಂದಿದೆ. ಶಾಲೆಗಳಲ್ಲಿ ಕಡಿಮೆ ಅಂಕ ಪಡೆದ ಮಗು ಹಿಂದಿನ ಬೆಂಚಿಗೆ ಸರಿಯುತ್ತದೆ. ಹೆರಿಗೆ ಕೊಠಡಿಯಲ್ಲಿ ಕಡಿಮೆ ಅಂಕ ಬಂದ ಶಿಶುವಿನ ಕಡೆಗೇ ಎಲ್ಲರ ಕೈಗಳೂ ಮೊದಲು ಚಾಚುತ್ತವೆ. ಅಂಕವಿರುವುದು ನೆರವು ಯಾರಿಗೆ ಬೇಗ ಸಲ್ಲಬೇಕೆಂದು ತಿಳಿಯುವುದಕ್ಕಾಗಿ.

ಇನ್ನು ಇಂತಹ ಅಂಕಗಳನ್ನು ಹೇಗೆ ಕಟ್ಟುತ್ತಾರೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. 1995ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಯುರೋಪಿನ 8 ದೇಶಗಳ 128 ಕೇಂದ್ರಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 19,030 ಮಂದಿ ವಯಸ್ಕರ ವಿವರಗಳನ್ನು ಕಲೆಹಾಕಲಾಯಿತು. ಸಾವಿಗೆ ಕಾರಣವಾಗಬಹುದೆಂದು ಊಹಿಸಿದ 97 ಅಂಶಗಳನ್ನು ಪ್ರತಿಯೊಬ್ಬರಲ್ಲಿಯೂ ಗುರುತಿಸಿ, ಯಾರು ಬದುಕಿದರು, ಯಾರು ತೀರಿಕೊಂಡರು ಎಂಬುದರೊಂದಿಗೆ ತಾಳೆ ನೋಡಲಾಯಿತು. ನಿಜವಾಗಿಯೂ ತೂಕವುಳ್ಳವೆಂದು ಕಂಡ ಕೆಲವನ್ನು ಮಾತ್ರ ಉಳಿಸಿಕೊಂಡು, ಒಂದೊಂದಕ್ಕೂ ಅದರ ತೂಕಕ್ಕೆ ತಕ್ಕ ಅಂಕವನ್ನು ನಿಗದಿಪಡಿಸಲಾಯಿತು. 1999ರಲ್ಲಿ ಪ್ರಕಟವಾದ ಈ ಪದ್ಧತಿಯೇ ‘ಯೂರೋಸ್ಕೋರ್’.

ಮಕ್ಕಳೇ, ಇದನ್ನು ಕೂಡಿಸುವ ಲೆಕ್ಕವಾಗಿಯೇ ಮಾಡಿ ನೋಡಿ. ಹೃದಯದ ರಕ್ತನಾಳಕ್ಕೆ ಬೈಪಾಸ್ ಆಗಬೇಕಾದ 72 ವರ್ಷದ ಅಜ್ಜಿಯೊಬ್ಬರಿದ್ದಾರೆಂದು ಭಾವಿಸಿ. ಅರುವತ್ತರ ಮೇಲಿನ ಪ್ರತಿ ಐದು ವರ್ಷಕ್ಕೆ, ಐದು ತುಂಬದಿದ್ದರೂ, ಒಂದು ಅಂಕ. ಆದ್ದರಿಂದ ಅಜ್ಜಿಯ ವಯಸ್ಸಿಗೆ 3. ಸ್ತ್ರೀಯಾದುದಕ್ಕೆ 1. ಬಹುಕಾಲದ ಶ್ವಾಸಕೋಶದ ಕಾಯಿಲೆಗೆ ಔಷಧ ಸೇವಿಸುತ್ತಿದ್ದರೆ 1. ಒಟ್ಟು 5. ಮೂರು ತಿಂಗಳೊಳಗೆ ಹೃದಯಾಘಾತವಾಗಿದ್ದರೆ ಇನ್ನೂ 2. ಮೂತ್ರಪಿಂಡಗಳು ಸೋತು ರಕ್ತದ ಕ್ರಿಯಾಟಿನಿನ್ ಸುಮಾರು 2.3 ಮಿಲಿಗ್ರಾಂ ದಾಟಿದ್ದರೆ ಮತ್ತೆ 2. ಮರುದಿನದವರೆಗೆ ಕಾಯಲಾಗದ ತುರ್ತು ಶಸ್ತ್ರಚಿಕಿತ್ಸೆಯಾದರೆ ಅದಕ್ಕೂ 2. ಹೀಗೆ ಕೂಡಿಸುತ್ತ ಹೋಗಬೇಕು. ಈ ಅಂಕವನ್ನು ಪರೀಕ್ಷಿಸಿದ ರೋಗಿಗಳಲ್ಲಿ 0ಯಿಂದ 2ರವರೆಗೆ ಅಂಕವಿದ್ದ 4,529 ಮಂದಿಯಲ್ಲಿ 36 ಮಂದಿ ತೀರಿಕೊಂಡಿದ್ದರು; ಅಂದರೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 3ರಿಂದ 5 ಅಂಕವಿದ್ದ 5,977 ಮಂದಿಯಲ್ಲಿ 182, ಅಂದರೆ ನೂರಕ್ಕೆ 3. 6 ಮತ್ತು ಅದಕ್ಕಿಂತ ಹೆಚ್ಚಿನ ಅಂಕವಿದ್ದ 4,293 ಮಂದಿಯಲ್ಲಿ 480, ಅಂದರೆ ನೂರಕ್ಕೆ 11ಕ್ಕಿಂತ ಸ್ವಲ್ಪ ಹೆಚ್ಚು. ನಾಲ್ಕನೆಯ ತರಗತಿಯ ಸಂಕಲನವೂ ಏಳನೆಯ ತರಗತಿಯ ಶೇಕಡಾ ಲೆಕ್ಕವೂ ಸೇರಿ ಇಷ್ಟನ್ನು ಹೇಳಬಲ್ಲವು ಎಂದರೆ ಗಣಿತದ ಬಗ್ಗೆ ಗೌರವ ಹುಟ್ಟುತ್ತದೆ.

ಆದರೆ ಈ ಸಂಖ್ಯೆ ಏನನ್ನು ಹೇಳಲಾರದು ಎಂಬುದನ್ನು ತಿಳಿಯುವುದು ಇನ್ನೂ ಮುಖ್ಯ. ನಮ್ಮ ಊರಿನ ಅಡಿಕೆ ವ್ಯಾಪಾರಿಯನ್ನು ನೆನೆಯಿರಿ. ಚೀಲದಿಂದ ಒಂದು ಹಿಡಿ ಅಡಿಕೆ ತೆಗೆದು, ಒಡೆದು ನೋಡಿ, ಈ ಚೀಲದಲ್ಲಿ ನೂರಕ್ಕೆ ಇಷ್ಟು ಕರಿಗೋಟು ಬಂದೀತು ಎಂದು ಆತ ಹೇಳುತ್ತಾನೆ; ಅನುಭವವಿದ್ದರೆ ಮಾತು ಬಹಳ ತಪ್ಪುವುದಿಲ್ಲ. ಅದೇ ವ್ಯಾಪಾರಿಯ ಅಂಗೈಯಲ್ಲಿ ಒಂದೇ ಒಂದು ಅಡಿಕೆಯನ್ನಿಟ್ಟು ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ. ಒಡೆಯದೆ ಆತ ಆಣೆ ಹಾಕಲಾರ. ಅಪಾಯಾಂಕವೂ ಹಾಗೆಯೇ. ಅದು ಚೀಲದ ಮಾತು, ಒಂದು ಅಡಿಕೆಯ ಮಾತಲ್ಲ. ‘ನೂರರಲ್ಲಿ ಎಂಟು’ ಎಂದರೆ, ಈ ಅಜ್ಜಿಯಂತಹ ನೂರು ಮಂದಿಯಲ್ಲಿ ಸುಮಾರು ಎಂಟು ಮಂದಿ ಆಸ್ಪತ್ರೆಯಿಂದ ಮನೆಗೆ ಮರಳಲಾರರು ಎಂದರ್ಥ. ಅಜ್ಜಿ ಆ ಎಂಟರಲ್ಲಿಯೋ ತೊಂಬತ್ತೆರಡರಲ್ಲಿಯೋ ಎಂಬುದನ್ನು ಅದು ಹೇಳುವುದಿಲ್ಲ. ಯಾರೂ ನೂರರಲ್ಲಿ ಎಂಟು ಪಾಲು ಸಾಯುವುದಿಲ್ಲ. ಒಬ್ಬ ವ್ಯಕ್ತಿ ಬದುಕುತ್ತಾನೆ, ಇಲ್ಲವೇ ಇಲ್ಲ.

ಇಲ್ಲಿ ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿನಿಯೊಬ್ಬರ ಮನೆಯ ಸಂಗತಿಯನ್ನು ಅವರ ಒಪ್ಪಿಗೆ ಪಡೆದು ಹೇಳುತ್ತೇವೆ. ಅವರು ಐದನೆಯ ತರಗತಿಯವರೆಗೆ ಮಾತ್ರ ಓದಿದವರು. ಹೃದಯದಿಂದ ಮಹಾಪಧಮನಿಗೆ ರಕ್ತ ಹೋಗುವ ಕವಾಟ ಕಿರಿದಾಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುವ ಸ್ಥಿತಿಗೆ ಬಂದಿದ್ದರು. ಕವಾಟವನ್ನು ಬದಲಿಸುವ ಶಸ್ತ್ರಚಿಕಿತ್ಸೆಯ ಅಪಾಯ ನೂರರಲ್ಲಿ ಎಂಟು ಎಂದು ವೈದ್ಯರು ಹೇಳಿದರು. ಹಿರಿಯ ಮಗ, ‘ಎಂಟು ಮಂದಿ ಸಾಯುವ ಚಿಕಿತ್ಸೆ ನಮಗೆ ಬೇಡ, ಅಮ್ಮ ಇರುವಷ್ಟು ದಿನ ನೆಮ್ಮದಿಯಾಗಿರಲಿ’ ಎಂದರು. ಕಿರಿಯ ಮಗ, ‘ತೊಂಬತ್ತೆರಡು ಅಂದರೆ ಡಿಸ್ಟಿಂಕ್ಷನ್, ಯೋಚಿಸುವುದೇನಿದೆ?’ ಎಂದರು. ಒಂದೇ ಸಂಖ್ಯೆಯನ್ನು ಒಬ್ಬರು ಭಯದಿಂದಲೂ ಇನ್ನೊಬ್ಬರು ಆಸೆಯಿಂದಲೂ ಓದಿದರು. ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಿತು. ಅಷ್ಟು ಹೊತ್ತೂ ಮಾತನಾಡದಿದ್ದ ತಾಯಿ ವೈದ್ಯರ ಕಡೆಗೆ ತಿರುಗಿ, ‘ಡಾಕ್ಟ್ರೇ, ಮಾಡಿಸದಿದ್ದರೆ ನೂರರಲ್ಲಿ ಎಷ್ಟು?’ ಎಂದು ಕೇಳಿದರಂತೆ.

ಇಡೀ ವಿಷಯದ ತಿರುಳು ಆ ಒಂದು ಪ್ರಶ್ನೆಯಲ್ಲಿದೆ. ಆ ಕಾಯಿಲೆಯಲ್ಲಿ ಇಂತಹ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಕವಾಟ ಬದಲಿಸದೆ ಬಿಟ್ಟರೆ ಎರಡು ಮೂರು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯುವುದಿಲ್ಲವೆಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದ ವಿಷಯ. ಎಂಟನ್ನು ಸೊನ್ನೆಯೊಂದಿಗೆ ಹೋಲಿಸಿದರೆ ಭಯವಾಗುತ್ತದೆ. ಐವತ್ತರೊಂದಿಗೆ ಹೋಲಿಸಿದಾಗ ದಾರಿ ಕಾಣುತ್ತದೆ. ಆದರೆ ಎಂಟರ ಅಪಾಯ ನಾಳೆಯೇ ಎದುರಾಗುತ್ತದೆ, ಐವತ್ತರದು ವರ್ಷಗಳಲ್ಲಿ ಹರಡಿಕೊಂಡಿದೆ. ಮೊಮ್ಮಗಳ ಮದುವೆ ಮುಂದಿನ ತಿಂಗಳಿದ್ದರೆ ಒಬ್ಬರು ಒಂದು ಬಗೆಯಾಗಿ ಯೋಚಿಸಬಹುದು, ಇನ್ನೊಬ್ಬರು ಇನ್ನೊಂದು ಬಗೆಯಾಗಿ. ಆ ತೂಕವನ್ನು ಯಾವ ಅಂಕಪದ್ಧತಿಯೂ ಮಾಡಲಾರದು, ಮಲಗಿರುವವರೇ ಮಾಡಬೇಕು. ಆ ತಾಯಿ ಶಸ್ತ್ರಚಿಕಿತ್ಸೆಗೆ ತಾವೇ ಸಹಿ ಹಾಕಿದರು. ಅವರು ಗುಣಮುಖರಾಗಿ ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆಂಬುದು ನಮಗೆಲ್ಲ ಸಂತೋಷದ ಸಂಗತಿ. ಆದರೆ ಅವರ ಪ್ರಶ್ನೆ ಸರಿಯೆಂದು ನಾವು ಹೇಳುತ್ತಿರುವುದು ಅವರು ಬದುಕಿದುದರಿಂದಲ್ಲ. ಫಲ ಬೇರೆಯಾಗಿದ್ದರೂ ಆ ಪ್ರಶ್ನೆ ಸರಿಯಾಗಿಯೇ ಇರುತ್ತಿತ್ತು. ಒಳ್ಳೆಯ ನಿರ್ಧಾರವನ್ನು ಫಲದಿಂದ ಅಳೆಯುವುದು ಅನೇಕ ಮನೆಗಳಲ್ಲಿ ಜೀವಮಾನದ ಪಶ್ಚಾತ್ತಾಪಕ್ಕೆ ಕಾರಣವಾಗಿದೆ. ‘ನಾನು ಸಹಿ ಹಾಕದಿದ್ದರೆ ಅಪ್ಪ ಇರುತ್ತಿದ್ದರು’ ಎಂದು ಕೊರಗುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ತಿಳಿದು ಕೇಳಿ, ತಿಳಿದು ಸಹಿ ಹಾಕಿದವರು ತಮ್ಮನ್ನು ಹಾಗೆ ಶಿಕ್ಷಿಸಿಕೊಳ್ಳಬೇಕಾಗಿಲ್ಲ.

ಎರಡನೆಯ ಮಾತು: ಅಳತೆಗೋಲೂ ಹಳತಾಗುತ್ತದೆ. 1991ರಲ್ಲಿ ಇಂಗ್ಲೆಂಡಿನಲ್ಲಿ ‘ಪಾಸಮ್’ ಎಂಬ ಅಂಕಪದ್ಧತಿ ಪ್ರಕಟವಾಯಿತು. ರೋಗಿಯ ಶರೀರಕ್ಕೆ ಸಂಬಂಧಿಸಿದ 12 ಅಂಶಗಳು, ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ 6 ಅಂಶಗಳು ಅದರಲ್ಲಿದ್ದವು. ಆದರೆ ಎಷ್ಟೇ ಆರೋಗ್ಯವಂತನಿಗೆ ಎಷ್ಟೇ ಸಣ್ಣ ಶಸ್ತ್ರಚಿಕಿತ್ಸೆಯಾದರೂ ಅದರ ಸೂತ್ರ ಹೇಳುವ ಅತಿ ಕಡಿಮೆ ಅಪಾಯ ನೂರಕ್ಕೆ ಒಂದಕ್ಕಿಂತ ಇಳಿಯುತ್ತಿರಲಿಲ್ಲ. ಪೋರ್ಟ್ಸ್‌ಮತ್ ನಗರದ ವೈದ್ಯರು ತಮ್ಮ ರೋಗಿಗಳ ಲೆಕ್ಕದೊಂದಿಗೆ ತಾಳೆ ನೋಡಿ ಆ ಸೂತ್ರವನ್ನು ತಿದ್ದಿದರು. 1998ರಲ್ಲಿ ಬಂದ ತಿದ್ದಿದ ಸೂತ್ರದಲ್ಲಿ ಆ ಕನಿಷ್ಠ ಅಪಾಯ ಐನೂರರಲ್ಲಿ ಒಂದಕ್ಕೆ ಇಳಿಯಿತು. ಯೂರೋಸ್ಕೋರಿನ ಕಥೆಯೂ ಇದೇ. 2010ರಲ್ಲಿ 43 ದೇಶಗಳ 154 ಆಸ್ಪತ್ರೆಗಳಿಂದ 22,381 ರೋಗಿಗಳ ವಿವರಗಳನ್ನು ಹೊಸದಾಗಿ ಸಂಗ್ರಹಿಸಿದಾಗ, ಹಳೆಯ ಕೂಡುವ ಲೆಕ್ಕದಂತೆ ನೂರಕ್ಕೆ 5.8 ಮಂದಿ ತೀರಿಕೊಳ್ಳಬೇಕಾಗಿತ್ತು. ನಿಜವಾಗಿ ತೀರಿಕೊಂಡವರು 3.9. ಹದಿನೈದು ವರ್ಷಗಳಲ್ಲಿ ಚಿಕಿತ್ಸೆ ಸುಧಾರಿಸಿತ್ತು. ಅಳತೆಗೋಲು ಹಿಂದೆ ಉಳಿದಿತ್ತು. ಆದ್ದರಿಂದ 2012ರಲ್ಲಿ ‘ಯೂರೋಸ್ಕೋರ್ 2’ ಪ್ರಕಟವಾಯಿತು. ಹಳೆಯದರಲ್ಲಿ ಸಕ್ಕರೆ ಕಾಯಿಲೆಗೆ ಅಂಕವೇ ಇರಲಿಲ್ಲ. ಹೊಸದರಲ್ಲಿ ಇನ್ಸುಲಿನ್ ಪಡೆಯುವ ರೋಗಿಗೆ ಅಂಕವಿದೆ, ನಡೆದಾಡಲು ಕಷ್ಟಪಡುವವರಿಗೂ ಇದೆ.

ಅಧ್ಯಾಪಕರಿಗೆ ಇದು ಚೆನ್ನಾಗಿ ಅರ್ಥವಾಗುವ ವಿಷಯ. ಕೆಲವು ಮೌಲ್ಯಮಾಪಕರು ಯಾರು ಮುಂದೆ, ಯಾರು ಹಿಂದೆ ಎಂಬ ಅನುಕ್ರಮವನ್ನು ಸರಿಯಾಗಿಯೇ ಗುರುತಿಸುತ್ತಾರೆ, ಆದರೆ ಎಲ್ಲರಿಗೂ ಬಿಗಿಯಾಗಿ ಅಂಕ ಹಾಕುತ್ತಾರೆ. ಅಪಾಯಾಂಕಗಳಲ್ಲಿಯೂ ಈ ಎರಡು ಗುಣಗಳು ಬೇರೆ ಬೇರೆ. ಹೆಚ್ಚು ಅಪಾಯವುಳ್ಳವರನ್ನು ಕಡಿಮೆ ಅಪಾಯವುಳ್ಳವರಿಂದ ಬೇರ್ಪಡಿಸುವುದು ಒಂದು. ಹೇಳಿದ ಸಂಖ್ಯೆ ನಡೆದ ಸಂಖ್ಯೆಗೆ ಹೊಂದುವುದು ಇನ್ನೊಂದು. ಯುರೋಪಿನಲ್ಲಿ ಕಟ್ಟಿದ ಅಂಕ ಮಂಗಳೂರಿನಲ್ಲಿ, ಕೋಝಿಕ್ಕೋಡಿನಲ್ಲಿ ಹೊಂದುತ್ತದೆಯೇ ಎಂಬುದನ್ನು ಅಲ್ಲಿನ ರೋಗಿಗಳ ಲೆಕ್ಕವನ್ನಿಟ್ಟು ನೋಡಿಯೇ ಹೇಳಬೇಕು. ನಮ್ಮ ದೇಶದಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಬಾಲ್ಯದ ಗಂಟಲುನೋವು, ಕೀಲುಜ್ವರದಿಂದ ಕವಾಟ ಕೆಟ್ಟವರೂ ಇಲ್ಲಿ ಹೆಚ್ಚು. ಪರರ ಕೋಲಿನಿಂದ ನಮ್ಮ ಗದ್ದೆಯನ್ನು ಅಳೆಯುವ ಮುನ್ನ ಕೋಲನ್ನೇ ಒಮ್ಮೆ ಅಳೆದುಕೊಳ್ಳಬೇಕು.

ಮೂರನೆಯ ಮಾತು, ಈ ಅಂಕಗಳಿಂದ ಆಸ್ಪತ್ರೆಗಳನ್ನು ತೂಗುವ ಬಗ್ಗೆ. ಬರಿಯ ಸಾವಿನ ಎಣಿಕೆ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಅವರ 1863ರ ಗ್ರಂಥದಲ್ಲಿಯೇ ಒಂದು ನಿದರ್ಶನವಿದೆ. ಲಂಡನ್ನಿನ 24 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ 90ಕ್ಕೂ ಹೆಚ್ಚೆಂಬ ಅಂಕಿ ಅದರಲ್ಲಿತ್ತು. ವರ್ಷವಿಡೀ ತೀರಿಕೊಂಡವರನ್ನು, ಒಂದು ದಿನ ಆಸ್ಪತ್ರೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರಿಂದ ಬಂದ ಅಂಕಿಯದು. ಆಗಿನ ವೈದ್ಯರು ಅದನ್ನು ಬಲವಾಗಿ ಆಕ್ಷೇಪಿಸಿದರು. ಆಸ್ಪತ್ರೆಗಳ ಲೆಕ್ಕ ಬಹಿರಂಗವಾಗಬೇಕೆಂಬ ಆ ಮಹಾತಾಯಿಯ ಹಟ ಸರಿಯಾಗಿಯೇ ಇತ್ತು; ಭಾಜಕ ಯಾವುದೆಂದು ಕೇಳದೆ ಶೇಕಡಾವನ್ನು ನಂಬಬಾರದೆಂಬ ಪಾಠ ನಮಗೆ ಉಳಿಯಿತು.

ರೋಗಿಗಳ ಸ್ಥಿತಿಯನ್ನು ಗಣನೆಗೆ ತೆಗೆದುಕೊಂಡು ಆಸ್ಪತ್ರೆಗಳನ್ನು ಹೋಲಿಸುವ ಕೆಲಸವನ್ನು ನ್ಯೂಯಾರ್ಕ್ ರಾಜ್ಯ 1989ರಲ್ಲಿ ಆರಂಭಿಸಿತು. ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಹೀಗೆ ಸರಿದೂಗಿಸಿದ ಸಾವಿನ ಪ್ರಮಾಣ ಅಲ್ಲಿ ಆ ವರ್ಷ ನೂರಕ್ಕೆ 4.17 ಇದ್ದುದು 1992ರಲ್ಲಿ 2.45ಕ್ಕೆ ಇಳಿಯಿತು. ಅದರ ಬೆನ್ನಿಗೇ ಒಂದು ಸಂಶಯವೂ ಎದ್ದಿತು. ತಮ್ಮ ಹೆಸರಿನ ಮುಂದೆ ಸಂಖ್ಯೆ ಪ್ರಕಟವಾಗುವುದರಿಂದ ಶಸ್ತ್ರವೈದ್ಯರು ತೀರಾ ಹದಗೆಟ್ಟ ರೋಗಿಗಳನ್ನು ಮುಟ್ಟಲು ಹಿಂಜರಿಯುತ್ತಿದ್ದಾರೆಯೇ ಎಂಬ ಆ ವಾದ ವರ್ಷಗಳ ಕಾಲ ನಡೆಯಿತು. ಫಲಿತಾಂಶ ನೂರಕ್ಕೆ ನೂರಾಗಬೇಕೆಂಬ ಹಂಬಲದಲ್ಲಿ ಹಿಂದುಳಿದ ಮಗುವನ್ನು ಪರೀಕ್ಷೆಗೆ ಕಟ್ಟಿಸದೆ ಬಿಡುವ ಆಸೆ ಶಾಲೆಗಳಿಗೂ ಹುಟ್ಟುವುದುಂಟು ಎಂಬುದನ್ನು ಬಲ್ಲ ನಮಗೆ ಆ ಸಂಶಯ ಅಪರಿಚಿತವಲ್ಲ.

ಲೆಕ್ಕವಿಡದಿದ್ದರೆ ಆಗುವ ಹಾನಿ ಇದಕ್ಕಿಂತ ಘೋರವಾದುದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆಯ ವರದಿ 2001ರಲ್ಲಿ ಬಂದಿತು. ಅಂತಹ ಬೇರೆ ಕೇಂದ್ರಗಳಿಗೆ ಹೋಲಿಸಿದರೆ, 1991ರಿಂದ 1995ರವರೆಗೆ ಒಂದು ವರ್ಷದೊಳಗಿನ 30ರಿಂದ 35 ಶಿಶುಗಳು ಅಲ್ಲಿ ಹೆಚ್ಚಾಗಿ ಸಾವಿಗೀಡಾದವು ಎಂದು ಆ ವರದಿ ಹೇಳಿತು. ಆಸ್ಪತ್ರೆಯ ಒಳಗೇ ಸಂಖ್ಯೆಗಳನ್ನು ಹಿಡಿದು ಎಚ್ಚರಿಸಿದ ಅರಿವಳಿಕೆ ತಜ್ಞರೊಬ್ಬರ ಮಾತು ಸಕಾಲದಲ್ಲಿ ಕಿವಿಗೆ ಬೀಳಲಿಲ್ಲ. ಸರಿಯಾಗಿ ಇಟ್ಟ ಲೆಕ್ಕವೂ ಅದನ್ನು ಕೇಳುವ ಮನಸ್ಸೂ ಎರಡೂ ಬೇಕು.

ನಾಲ್ಕನೆಯದಾಗಿ, ಅಪಾಯಾಂಕ ಹಣೆಬರಹವಲ್ಲ. ರೋಗಿ ಶಸ್ತ್ರಚಿಕಿತ್ಸಾ ಕೊಠಡಿಗೆ ಹೋದ ಮೇಲೂ ಮನುಷ್ಯ ಪ್ರಯತ್ನಕ್ಕೆ ಅವಕಾಶವಿದೆ. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ 19 ಅಂಶಗಳ ಸರಳ ಪಟ್ಟಿಯೊಂದನ್ನು ಜಗತ್ತಿನ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಲಾಯಿತು. ಅವುಗಳಲ್ಲಿ ನವದೆಹಲಿಯೂ ಒಂದು. ರೋಗಿ ಯಾರು, ಶಸ್ತ್ರಚಿಕಿತ್ಸೆ ಯಾವ ಭಾಗಕ್ಕೆ, ಸೋಂಕು ತಡೆಯುವ ಔಷಧ ಕೊಟ್ಟಾಯಿತೇ, ಉಪಕರಣಗಳ ಎಣಿಕೆ ಸರಿಯಿದೆಯೇ — ಇಂತಹ ಪ್ರಶ್ನೆಗಳನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವುದಷ್ಟೇ ಅದರಲ್ಲಿದ್ದ ಕ್ರಮ. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಬೆಳಗಿನ ಹಾಜರಿ ಕರೆಯುವ ಅಧ್ಯಾಪಕರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲೂ ಮಾಡಬಹುದಾದುದು ಬಹಳವಿದೆ. ಬೀಡಿ, ಸಿಗರೇಟು ಬಿಡುವುದು, ರಕ್ತಹೀನತೆಗೆ ಚಿಕಿತ್ಸೆ ಪಡೆಯುವುದು, ಸಕ್ಕರೆ ಹತೋಟಿಗೆ ತರುವುದು, ಉಸಿರಾಟದ ವ್ಯಾಯಾಮ ಮಾಡುವುದು — ಕಾಲಾವಕಾಶವಿದ್ದಾಗ ಇವುಗಳಿಂದ ಅಪಾಯ ತಗ್ಗುತ್ತದೆ. ತುರ್ತಾಗಿ ಹೋಗುವುದಕ್ಕೇ ಅಂಕ ಹೆಚ್ಚಾಗುವುದನ್ನು ಆಗಲೇ ಕಂಡೆವು. ನಮ್ಮ ಗ್ರಾಮಗಳಲ್ಲಿ ಹೊಟ್ಟೆನೋವನ್ನು ಎರಡು ಮೂರು ದಿನ ಕಷಾಯದಲ್ಲಿ ಕಳೆದು, ತಾಳಲಾರದೆ ರಾತ್ರಿ ಜೀಪು ಹುಡುಕುವ ರೂಢಿ ಇನ್ನೂ ಹೋಗಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. 2020ರ ಮಾರ್ಚ್ ಕೊನೆಯಲ್ಲಿ ಗಡಿ ಮುಚ್ಚಿದಾಗ ಆ 50 ಕಿಲೋಮೀಟರು ಎಷ್ಟು ದೂರವಾಯಿತೆಂಬುದನ್ನು ಈ ಸಭೆಗೆ ನೆನಪಿಸಬೇಕಾಗಿಲ್ಲ. ದಾರಿಯ ದೂರಕ್ಕೆ ಈ ಯಾವ ಪದ್ಧತಿಯಲ್ಲಿಯೂ ಅಂಕವಿಲ್ಲ. ಗಡಿನಾಡಿನವರಾದ ನಾವು ಅದನ್ನು ನಮ್ಮ ಲೆಕ್ಕದಲ್ಲಿ ಸೇರಿಸಿಕೊಂಡು ಒಂದು ದಿನ ಮೊದಲೇ ಹೊರಡಬೇಕು. ನಮ್ಮ ಜಿಲ್ಲೆಯಲ್ಲಿಯೇ ಸುಸಜ್ಜಿತ ಚಿಕಿತ್ಸೆ ದೊರೆಯಬೇಕೆಂಬ ಬೇಡಿಕೆಯನ್ನೂ ಬಿಡಬಾರದು.

ಕೊನೆಯದಾಗಿ, ಶಾಲೆಯ ಕರ್ತವ್ಯ. ಹತ್ತನೆಯ ತರಗತಿಯಲ್ಲಿ ಸಾಧ್ಯತೆಯ ಗಣಿತವನ್ನು ನಾವು ಕಲಿಸುತ್ತೇವೆ. ಪೆಟ್ಟಿಗೆಯಲ್ಲಿ ಕಪ್ಪು ಮಣಿಗಳೆಷ್ಟು, ಬಿಳಿ ಮಣಿಗಳೆಷ್ಟು, ಕಣ್ಣುಮುಚ್ಚಿ ತೆಗೆದರೆ ಕಪ್ಪು ಬರುವ ಸಾಧ್ಯತೆಯೆಷ್ಟು ಎಂದು ಮಕ್ಕಳು ಲೆಕ್ಕ ಮಾಡುತ್ತಾರೆ. ಎ ಪ್ಲಸ್ ಪಡೆಯುತ್ತಾರೆ. ಆ ಮಣಿಗಳಿಗೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೇಳುವ ಸಂಖ್ಯೆಗೂ ಇರುವ ನಂಟನ್ನು ತೋರಿಸಿದರೆ ಮಾತ್ರ ಪಾಠ ಪೂರ್ಣವಾಗುತ್ತದೆ. ಇದಕ್ಕಾಗಿ ನಮ್ಮ ಗಣಿತ ಸಂಘದ ಮಕ್ಕಳು ಅಧ್ಯಾಪಕರೊಡನೆ ಕುಳಿತು ನಾಲ್ಕು ಪ್ರಶ್ನೆಗಳನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಿದ್ದಾರೆ. ಈ ಸಂಖ್ಯೆ ಸಾವಿನದೋ, ಇತರ ತೊಡಕುಗಳದೋ, ಎಷ್ಟು ದಿನಗಳೊಳಗಿನದು? ಇದು ಈ ಆಸ್ಪತ್ರೆಯ ಅನುಭವದಿಂದ ಬಂದುದೋ, ಬೇರೆ ಕಡೆಯ ಲೆಕ್ಕವೋ? ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಏನಾಗಬಹುದು, ಬೇರೆ ದಾರಿಯಿದೆಯೇ? ಈ ಅಪಾಯವನ್ನು ತಗ್ಗಿಸಲು ಇಂದಿನಿಂದ ನಾವು ಏನು ಮಾಡಬಹುದು? ಈ ನಾಲ್ಕನ್ನು ಅಚ್ಚು ಹಾಕಿಸಿದ ಚೀಟಿಯನ್ನು ಇಂದು ಪ್ರತಿ ಮನೆಗೂ ಕಳುಹಿಸುತ್ತಿದ್ದೇವೆ. ಇದು ವೈದ್ಯರನ್ನು ಪರೀಕ್ಷಿಸುವ ಪ್ರಶ್ನೆಪತ್ರಿಕೆಯಲ್ಲ. ಇಂತಹ ಪ್ರಶ್ನೆಗಳನ್ನು ಕೇಳುವ ಮನೆಯವರನ್ನು ಒಳ್ಳೆಯ ವೈದ್ಯರು ಆದರದಿಂದಲೇ ಕಾಣುತ್ತಾರೆಂದು ವೇದಿಕೆಯಲ್ಲಿರುವ ವೈದ್ಯರೇ ನಮಗೆ ಭರವಸೆ ಕೊಟ್ಟಿದ್ದಾರೆ.

ಕನ್ನಡ ಶಾಲೆಯಿಂದ ಏನು ಪ್ರಯೋಜನವೆಂದು ಗಡಿನಾಡಿನಲ್ಲಿ ಪದೇ ಪದೇ ಕೇಳುವವರಿದ್ದಾರೆ. ಉದ್ಯೋಗದ ಮಾತನ್ನು ಹೇಳಿ ನಾವು ಉತ್ತರಿಸುತ್ತೇವೆ, ಸಂಸ್ಕೃತಿಯ ಮಾತನ್ನು ಹೇಳಿ ಉತ್ತರಿಸುತ್ತೇವೆ. ಇನ್ನೊಂದು ಉತ್ತರವನ್ನೂ ಇಲ್ಲಿ ಸೇರಿಸಲು ಬಯಸುತ್ತೇವೆ. ತನ್ನ ಪ್ರಾಣದ ಪ್ರಶ್ನೆ ಎದುರಾದಾಗ ಮನುಷ್ಯ ಯೋಚಿಸುವುದು ತಾಯಿನುಡಿಯಲ್ಲಿ. ಆ ಹೊತ್ತಿನಲ್ಲಿ ಆ ನುಡಿಯೊಳಗೆ ಲೆಕ್ಕವೂ ಇರಬೇಕು, ವಿವೇಕವೂ ಇರಬೇಕು, ತಜ್ಞರ ಮುಂದೆ ಸಂಕೋಚವಿಲ್ಲದೆ ಪ್ರಶ್ನೆ ಕೇಳುವ ಧೈರ್ಯವೂ ಇರಬೇಕು. ಆ ಮೂರನ್ನೂ ಕೊಡುವುದಕ್ಕಾಗಿ ಈ ಶಾಲೆ ಇನ್ನೂ ನೂರು ವರ್ಷ ನಡೆಯಬೇಕು. ಅದಕ್ಕೆ ನಿಮ್ಮೆಲ್ಲರ ಮಕ್ಕಳೂ ಮೊಮ್ಮಕ್ಕಳೂ ಈ ಬಾಗಿಲಿಗೆ ಬರುತ್ತಿರಬೇಕು.